ಸೂತನಬ್ಬಿಗೆ ಇಳಿಯುವ ಮೆಟ್ಟಿಲು

ಕಾರ್ಕಳದಿಂದ ಬಜಗೋಳಿ, ಮಾಳ ದಾಟಿ ಘಾಟಿ ಏರುವ ರಸ್ತೆ ಎಸ್.ಕೆ. ಬಾರ್ಡರ್ ಹತ್ತಿರ ಎರಡಾಗುತ್ತದೆ. ಒಂದು ಕವಲು ಶೃಂಗೇರಿಗೆ, ಇನ್ನೊಂದು ಕುದುರೆಮುಖದ ಮೂಲಕ ಕಳಸಕ್ಕೆ. ಕುದುರೆಮುಖದ ದಾರಿ ಹಿಡಿದವರಿಗೆ ಸ್ವಲ್ಪ ದೂರದಲ್ಲೇ ಹನುಮನಗುಂಡಿ ಜಲಪಾತದ ಫಲಕ ಸಿಗುತ್ತದೆ. ಸೂತನಬ್ಬಿ ಎಂಬುದು ಅದರ ಇನ್ನೊಂದು ಹೆಸರು. ಅರಣ್ಯ ಇಲಾಖೆಗೆ ಪ್ರವೇಶ ಶುಲ್ಕ ಕಟ್ಟಿ ಮೆಟ್ಟಿಲು ಇಳಿದರೆ ಮುಗಿಯಿತು. ಸುಮಾರು 100 ಅಡಿ ಎತ್ತರದಿಂದ ಬಂಡೆಗಳ ಮೇಲೆ ಇಳಿಯುವ ನೀರು ಎದುರಿಗೇ ಇರುತ್ತದೆ. ಚಾರಣ ಎಂದು ಕರೆಯುವಷ್ಟು ದೂರವೂ ಇಲ್ಲ. ಬಹಳ ಮಂದಿ ಇಳಿದು, ಫೋಟೊ ತೆಗೆದು, ಕಾಲು ನೆನೆಸಿ, ಏದುಸಿರು ಬಿಡುತ್ತ ಹತ್ತಿ ಬಂದು ಬಸ್ಸು, ಕಾರು ಏರುತ್ತಾರೆ.

ಈ ಗಿಡ್ಡ ದಾರಿ ಹಾದುಹೋಗುವುದು 600 ಚದರ ಕಿಲೋಮೀಟರ್ ಹರಡಿರುವ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಳಗೆ. ನೀರು ಹೇಗೆ ಬೀಳುತ್ತದೆ, ಬಿದ್ದಾಗ ಏನಾಗುತ್ತದೆ, ಬೀಳುವ ನೀರನ್ನೇ ನಂಬಿ ಯಾರು ಬದುಕಿದ್ದಾರೆ ಎಂದು ನೋಡುತ್ತ ಇಳಿದರೆ ಒಂದೊಂದು ಮೆಟ್ಟಿಲಿಗೂ ಒಂದೊಂದು ಸಂಗತಿ ಸಿಗುತ್ತದೆ.

ಮೊದಲು ಸಿಗುವುದು ಸದ್ದು. ಮರಗಳ ಮರೆಯಲ್ಲಿ ನೀರು ಕಾಣುವ ಮೊದಲೇ ಅದರ ಮೊರೆತ ಕಿವಿಗೆ ಬೀಳುತ್ತದೆ. ನೀರು ಕಲ್ಲಿಗೆ ಅಪ್ಪಳಿಸುವ ಸದ್ದು ಇದು ಎಂದು ಎಲ್ಲರೂ ತಿಳಿಯುತ್ತಾರೆ. ನಿಜವಾಗಿ ಇದರ ಬಹುಪಾಲು ಗಾಳಿಯ ಸದ್ದು. ಬೀಳುವ ನೀರು ಗುಂಡಿಯ ನೀರಿನೊಳಕ್ಕೆ ನುಗ್ಗುವಾಗ ತನ್ನೊಂದಿಗೆ ಗಾಳಿಯನ್ನೂ ಎಳೆದೊಯ್ಯುತ್ತದೆ. ಒಳಗೆ ಸಿಕ್ಕಿಬಿದ್ದ ಗಾಳಿ ಗುಳ್ಳೆಯಾಗುತ್ತದೆ. ಸುತ್ತಲಿನ ನೀರು ಅದನ್ನು ಅದುಮುತ್ತದೆ, ಒಳಗಿನ ಗಾಳಿ ತಿರುಗಿ ಒತ್ತುತ್ತದೆ. ಹೀಗೆ ಹಿಗ್ಗಿ ಕುಗ್ಗಿ ಪ್ರತಿ ಗುಳ್ಳೆಯೂ ಒಂದು ಪುಟ್ಟ ಗಂಟೆಯಂತೆ ಮೊಳಗುತ್ತದೆ. 1933ರಲ್ಲಿ ಮಾರ್ಸೆಲ್ ಮಿನ್ನಾರ್ಟ್ ಎಂಬ ಖಗೋಳ ವಿಜ್ಞಾನಿ ಈ ಮೊಳಗಿನ ಲೆಕ್ಕ ಹಾಕಿಕೊಟ್ಟರು. ಗುಳ್ಳೆ ಚಿಕ್ಕದಾದಷ್ಟೂ ಸ್ವರ ಏರುತ್ತದೆ. 1 ಮಿಲಿಮೀಟರ್ ತ್ರಿಜ್ಯದ ಗುಳ್ಳೆ ಸೆಕೆಂಡಿಗೆ ಸುಮಾರು 3,300 ಬಾರಿ ಕಂಪಿಸಿದರೆ, 1 ಸೆಂಟಿಮೀಟರ್ ತ್ರಿಜ್ಯದ್ದು ಸುಮಾರು 330 ಬಾರಿ ಮಾತ್ರ ಕಂಪಿಸುತ್ತದೆ. ಸಣ್ಣ ಝರಿ ಕಿಣಿಕಿಣಿ ಎನ್ನುವುದು, ದೊಡ್ಡ ಜಲಪಾತ ಭೋರೆನ್ನುವುದು ಇದೇ ಕಾರಣಕ್ಕೆ.

ದೂರದಲ್ಲಿ ನಿಂತವರಿಗೆ ಆ ಭೋರ್ಗರೆತವಷ್ಟೇ ಕೇಳುತ್ತದೆ. ಎತ್ತರದ ಸ್ವರಗಳನ್ನು ಗಾಳಿಯೂ ಎಲೆಗಳೂ ಬೇಗ ಹೀರಿಕೊಳ್ಳುತ್ತವೆ, ತಗ್ಗಿನ ಸ್ವರಗಳು ಉಳಿದು ಬರುತ್ತವೆ. ಮೆಟ್ಟಿಲು ಇಳಿದಂತೆ ಅದಕ್ಕೆ ಒಂದು ‘ಸ್ಸ್’ ಎಂಬ ಸದ್ದು ಸೇರಿಕೊಳ್ಳುತ್ತದೆ. ಕೊನೆಯ ತಿರುವಿನ ಹೊತ್ತಿಗೆ ಪಕ್ಕದವರ ಮಾತು ಕೇಳಿಸದಂತಾಗುತ್ತದೆ. ಈ ಕೇಳಿಸದಿರುವಿಕೆ ಮುಂದೆ ಮುಖ್ಯವಾಗಲಿದೆ.

ಇಳಿಯುವಾಗ ಪಕ್ಕದ ಬಂಡೆಗಳ ಮೇಲೂ ಒಮ್ಮೆ ಕಣ್ಣಾಡಿಸಬೇಕು. ಈ ಬೆಟ್ಟಸಾಲಿನ ಮೂಲಶಿಲೆಗಳಿಗೆ 250 ಕೋಟಿ ವರ್ಷಕ್ಕೂ ಹೆಚ್ಚು ವಯಸ್ಸಾಗಿದೆ. ಭೂಮಿಯ ಮೇಲೆ ಗಿಡವಾಗಲಿ ಪ್ರಾಣಿಯಾಗಲಿ ಇಲ್ಲದ ಕಾಲದಲ್ಲಿ, ಸಮುದ್ರದ ತಳದಲ್ಲಿ ಪದರಪದರವಾಗಿ ಕುಳಿತ ಕಬ್ಬಿಣವೂ ಇದರಲ್ಲಿ ಸೇರಿದೆ. ಆದರೆ ಜಲಪಾತಕ್ಕೆ ಹಳೆಯ ಕಲ್ಲಿದ್ದರೆ ಸಾಲದು, ಕಡಿದಾದ ಅಂಚು ಬೇಕು. ಆ ಅಂಚು ಒದಗಿದ್ದು ಬಹಳ ತಡವಾಗಿ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಭಾರತದ ಪಶ್ಚಿಮ ಅಂಚಿನಿಂದ ಕಳಚಿಕೊಂಡಿತು. ಆ ಬಿರುಕಿನ ಕಾಲದಲ್ಲಿ ಉಕ್ಕಿದ ಲಾವಾ ತಣಿದು ಕಂಬಗಳಾಗಿ ನಿಂತಿರುವುದನ್ನು ಮಲ್ಪೆಯ ಎದುರಿನ ಸೇಂಟ್ ಮೇರಿಸ್ ದ್ವೀಪದಲ್ಲಿ ಇಂದೂ ನೋಡಬಹುದು. ಖಂಡ ಒಡೆದ ಅಂಚಿನಲ್ಲಿ ನೆಲ ಎತ್ತರವಾಗಿ ಉಳಿಯಿತು. ಪಶ್ಚಿಮಕ್ಕೆ ಇಳಿಯುವ ಹೊಳೆಗಳು ಅದನ್ನು ಕೊರೆಯುತ್ತ ಹೋದವು, ಘಟ್ಟದ ಗೋಡೆ ಮೂಡಿತು. ಗಟ್ಟಿಯಾದ ಕಲ್ಲು ಅಡ್ಡ ಬಂದಲ್ಲಿ ನೀರಿನ ಕೊರೆತ ನಿಧಾನವಾಗುತ್ತದೆ, ಅದರ ಕೆಳಗಿನ ಮೆದು ಭಾಗ ಬೇಗ ಸವೆಯುತ್ತದೆ. ಅಲ್ಲಿ ಹೊಳೆ ಮೆಟ್ಟಿಲು ಇಳಿಯುತ್ತದೆ. ಮಲೆನಾಡಿನಲ್ಲಿ ತಿರುವಿಗೊಂದು ಅಬ್ಬಿ ಇರುವುದರ ಹಿಂದೆ ಇಷ್ಟು ಉದ್ದದ ಕಥೆಯಿದೆ.

ಕೆಳಗೆ, ಗುಂಡಿಯ ಅಂಚಿನಲ್ಲಿ, ಮುಖಕ್ಕೆ ಹನಿ ಬಡಿಯುತ್ತದೆ. 30 ಮೀಟರ್ ಎತ್ತರದಿಂದ ಯಾವ ತಡೆಯೂ ಇಲ್ಲದೆ ಬಿದ್ದ ವಸ್ತು ಎರಡೂವರೆ ಸೆಕೆಂಡಿನಲ್ಲಿ ನೆಲ ಮುಟ್ಟುತ್ತದೆ. ಆಗ ಅದರ ವೇಗ ಗಂಟೆಗೆ 87 ಕಿಲೋಮೀಟರ್. ನೀರು ಹಾಗೆ ಬೀಳುವುದಿಲ್ಲ. ಕಲ್ಲಿನಿಂದ ಕಲ್ಲಿಗೆ ಚಿಮ್ಮಿ ಹೋಳಾಗುತ್ತದೆ. ಒಡೆದ ಹನಿಗಳನ್ನು ಗಾಳಿ ತಡೆಹಿಡಿಯುತ್ತದೆ. ದೊಡ್ಡ ಮಳೆಹನಿಯೂ ಸೆಕೆಂಡಿಗೆ ಸುಮಾರು 9 ಮೀಟರಿಗಿಂತ ಹೆಚ್ಚು ವೇಗ ಪಡೆಯಲಾರದು, ತುಂತುರಿಗೆ ಅದರ ಸಣ್ಣ ಪಾಲಷ್ಟೇ ದಕ್ಕುತ್ತದೆ. ಅದಕ್ಕೇ ಜಲಪಾತದ ಮಧ್ಯಭಾಗ ಧಬಧಬ ಬಿದ್ದರೆ ಅಂಚುಗಳು ಇಬ್ಬನಿಯಾಗಿ ತೇಲುತ್ತವೆ.

ಹಾಗಾದರೆ ಬಿದ್ದ ಶಕ್ತಿ ಎಲ್ಲಿ ಹೋಯಿತು? ಈ ಪ್ರಶ್ನೆಯನ್ನು ಕೈಯಲ್ಲಿ ಹಿಡಿದು ಭೌತವಿಜ್ಞಾನವನ್ನೇ ಮುಂದೆ ತಳ್ಳಿದವರು ಇಂಗ್ಲೆಂಡಿನ ಜೇಮ್ಸ್ ಪ್ರೆಸ್ಕಾಟ್ ಜೂಲ್. ಚಲನೆ ಶಾಖವಾಗಿ ಮಾರ್ಪಡುತ್ತದೆ ಎಂದು ಪ್ರಯೋಗಗಳಿಂದ ತೋರಿಸುತ್ತಿದ್ದ ಅವರು 1845ರಲ್ಲಿ ಒಂದು ಲೆಕ್ಕ ಬರೆದರು: 160 ಅಡಿ ಬೀಳುವ ನಯಾಗರದ ನೀರು ತಳ ಸೇರುವಾಗ ಒಂದು ಡಿಗ್ರಿ ಫ್ಯಾರನ್‌ಹೀಟಿನ ಐದನೇ ಒಂದು ಭಾಗದಷ್ಟು ಬಿಸಿಯಾಗಿರಬೇಕು. ವೇಲ್ಸ್, ಸ್ಕಾಟ್ಲೆಂಡುಗಳ ಬೆಟ್ಟಸೀಮೆಯಲ್ಲಿರುವ ಓದುಗರು ಜಲಪಾತದ ಮೇಲೂ ಕೆಳಗೂ ಉಷ್ಣತೆ ಅಳೆದು ಪರೀಕ್ಷಿಸಬಹುದು ಎಂದೂ ಸೂಚಿಸಿದರು. ಅದೇ ಲೆಕ್ಕವನ್ನು ಸೂತನಬ್ಬಿಗೆ ಹಾಕಿದರೆ ಏರಿಕೆ ಒಂದು ಡಿಗ್ರಿ ಸೆಲ್ಸಿಯಸ್ಸಿನ ನೂರರಲ್ಲಿ ಏಳು ಪಾಲಿನಷ್ಟು. ಮನೆಯ ಥರ್ಮಾಮೀಟರಿಗೆ ಅದು ತಿಳಿಯದು. ಅಷ್ಟು ಸಣ್ಣ ಲಾಭವನ್ನೂ ತುಂತುರಿನ ಆವಿಯಾಗುವಿಕೆ ಕಸಿದುಕೊಂಡು ಗಾಳಿಯನ್ನು ತಣ್ಣಗಾಗಿಸುತ್ತದೆ. ಗುಂಡಿಯ ಬಳಿ ನಿಂತವರಿಗೆ ಚಳಿ ಹತ್ತುವುದು ಹೀಗೆ.

ಒಡೆಯುವ ಹನಿಗಳು ವಿದ್ಯುತ್ತನ್ನೂ ಬೇರ್ಪಡಿಸುತ್ತವೆ. 1892ರಲ್ಲಿ ಜರ್ಮನಿಯ ಫಿಲಿಪ್ ಲೆನಾರ್ಡ್ ಇದನ್ನು ವಿವರವಾಗಿ ಅಧ್ಯಯನ ಮಾಡಿದರು. ಹನಿ ಸಿಡಿದಾಗ ಅತಿ ಸಣ್ಣ ತುಣುಕುಗಳು ಋಣ ಆವೇಶ ಹೊತ್ತು ಗಾಳಿಗೆ ಸೇರುತ್ತವೆ, ದೊಡ್ಡ ಹನಿಗಳಲ್ಲಿ ಧನ ಆವೇಶ ಉಳಿಯುತ್ತದೆ. ಜಲಪಾತದ ಬಳಿಯ ಗಾಳಿಯಲ್ಲಿ ಋಣ ಅಯಾನುಗಳು ಹೆಚ್ಚಿರುತ್ತವೆ ಎಂಬ ಮಾತಿನ ಮೂಲ ಇದು. ಇದನ್ನೇ ಬಂಡವಾಳ ಮಾಡಿಕೊಂಡು ಉಲ್ಲಾಸ ತರುವ ಯಂತ್ರಗಳೆಂದು ಮಾರುವವರಿದ್ದಾರೆ. ಮನಸ್ಸು ಹಗುರಾಗುವುದಕ್ಕೆ ಆ ಅಯಾನುಗಳೇ ಕಾರಣ ಎನ್ನಲು ಬೇಕಾದ ಗಟ್ಟಿ ಪುರಾವೆ ಮಾತ್ರ ಇಲ್ಲ.

ಇಲ್ಲಿಯವರೆಗಿನದು ನೀರಿನ ಕಥೆ. ನೋಡಲು ಬಂದವರ ಕಣ್ಣು ಹೆಚ್ಚಾಗಿ ಆ ಬಿಳಿ ಧಾರೆಯ ಮೇಲೇ ನೆಟ್ಟಿರುತ್ತದೆ. ಅದರ ಪಕ್ಕದ ಒದ್ದೆ ಬಂಡೆಯನ್ನು ಗಮನಿಸುವವರು ಕಡಿಮೆ. ಜೀವ ಇರುವುದು ಅಲ್ಲಿ.

ಮಳೆಗಾಲ ಕಳೆದು ನೀರು ತಗ್ಗಿದಾಗ ಪಶ್ಚಿಮ ಘಟ್ಟದ ಅಬ್ಬಿಗಳ ಬಂಡೆಗಳ ಮೇಲೆ ಪಾಚಿಯಂತೆ, ಕಲ್ಲುಹೂವಿನಂತೆ ಅಂಟಿಕೊಂಡ ಹಸಿರು, ಕೆಂಪು, ಕಂದು ಹೊದಿಕೆ ಕಾಣುತ್ತದೆ. ಕೆಲವು ಕಡೆ ಇದು ಪಾಚಿಯಲ್ಲ, ಹೂ ಬಿಡುವ ಸಸ್ಯ. ಪೊಡೊಸ್ಟೆಮೇಸಿ ಎಂಬ ಕುಟುಂಬಕ್ಕೆ ಸೇರಿದ ಈ ಗಿಡಗಳಿಗೆ ಬೇರು, ಕಾಂಡ, ಎಲೆ ಎಂಬ ವಿಂಗಡಣೆ ಬಹುಮಟ್ಟಿಗೆ ಕದಡಿಹೋಗಿದೆ. ಬೇರೇ ಚಪ್ಪಟೆಯಾಗಿ ಕಲ್ಲಿಗೆ ಅಂಟಿ, ಹಸಿರಾಗಿ, ಆಹಾರವನ್ನೂ ತಯಾರಿಸುತ್ತದೆ. ಮಳೆಗಾಲವಿಡೀ ರಭಸದ ನೀರಿನಡಿ ಬೆಳೆಯುವ ಗಿಡ, ಮಳೆ ನಿಂತು ಬಂಡೆ ಗಾಳಿಗೆ ತೆರೆದುಕೊಂಡ ಕೆಲವೇ ದಿನಗಳಲ್ಲಿ ಹೂಬಿಟ್ಟು, ಕಾಯಿಕಟ್ಟಿ, ಒಣಗುತ್ತದೆ. ಧೂಳಿನಷ್ಟು ಸಣ್ಣ ಬೀಜಗಳು ಒದ್ದೆಯಾದ ಕೂಡಲೇ ಅಂಟಾಗಿ ಕಲ್ಲನ್ನು ಹಿಡಿಯುತ್ತವೆ. ಹಾಗೆ ಅಂಟದ ಬೀಜವನ್ನು ಮುಂದಿನ ಮಳೆ ಕೊಚ್ಚಿಕೊಂಡು ಹೋಗುತ್ತದೆ. ಡಾಲ್ಜೆಲ್ಲಿಯ, ಜೈಲನಿಡಿಯಂ, ಗ್ರಿಫಿತೆಲ್ಲ ಮುಂತಾದ ಪ್ರಭೇದಗುಂಪುಗಳು ಪಶ್ಚಿಮ ಘಟ್ಟದಲ್ಲಿವೆ. ನೀರು ಸದಾ ಒಂದೇ ಮಟ್ಟದಲ್ಲಿ ನಿಂತರೆ, ಅಥವಾ ಕಲ್ಲಿನ ಮೇಲೆ ಹೂಳು ಕೂತರೆ, ಇವುಗಳಿಗೆ ಉಳಿಗಾಲವಿಲ್ಲ.

ನೀರೊಳಗಿನವರದ್ದೂ ಇದೇ ಪಾಡು. ರಭಸದ ತೊರೆಗಳ ಗಾರ ಜಾತಿಯ ಮೀನುಗಳಿಗೆ ಗಲ್ಲದ ಕೆಳಗೆ ಹೀರುಬಟ್ಟಲಿನಂಥ ಅಂಗವಿದೆ. ಅದರಿಂದ ಕಲ್ಲು ಹಿಡಿದು ಪಾಚಿ ಕೆರೆದು ತಿನ್ನುತ್ತವೆ. ಬಾಲಿಟೋರ ಗುಂಪಿನವು ಎದೆ ಮತ್ತು ಹೊಟ್ಟೆಯ ರೆಕ್ಕೆಗಳನ್ನು ಅಗಲಿಸಿ ಇಡೀ ಮೈಯನ್ನೇ ಬಂಡೆಗೆ ಒತ್ತಿಕೊಳ್ಳುತ್ತವೆ.

ಹಿಡಿದು ನಿಲ್ಲುವುದು ಒಂದು ಸಮಸ್ಯೆಯಾದರೆ ಮಾತಾಡುವುದು ಇನ್ನೊಂದು. ಪಕ್ಕದವರ ದನಿ ಕೇಳದ ಜಾಗದಲ್ಲಿ ಕಪ್ಪೆ ತನ್ನ ಜೋಡಿಯನ್ನು ಕರೆಯುವುದು ಹೇಗೆ? ಚಾರ್ಮಾಡಿ ಘಾಟಿಯ ತಲೆಯ ಮೇಲಿರುವ ಕೊಟ್ಟಿಗೆಹಾರದ ಹೆಸರು ಹೊತ್ತ ಒಂದು ಕಪ್ಪೆ ಈ ಪ್ರಶ್ನೆಗೆ ಕಾಲಿನಿಂದ ಉತ್ತರ ಕೊಟ್ಟಿದೆ. ಮೈಕ್ರಿಕ್ಸಾಲಸ್ ಕೊಟ್ಟಿಗೆಹಾರೆನ್ಸಿಸ್ ಎಂಬ ಈ ಪುಟ್ಟ ಕಂದು ಕಪ್ಪೆಯನ್ನು 1937ರಲ್ಲಿ ವಿವರಿಸಿದವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರಜ್ಞ ಸಿ. ಆರ್. ನಾರಾಯಣ ರಾವ್. ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರೂ ಅವರೇ. ಅವರು ಕೂಡಿಟ್ಟ ಮಾದರಿಗಳು ಮುಂದೆ ಕಳೆದುಹೋದವು, ಗುರುತಿನ ಗೊಂದಲ ದಶಕಗಟ್ಟಲೆ ಉಳಿಯಿತು. 2014ರಲ್ಲಿ ದೆಹಲಿ ವಿಶ್ವವಿದ್ಯಾಲಯದ ಎಸ್. ಡಿ. ಬಿಜು ಅವರ ತಂಡ ಈ ಗುಂಪನ್ನು ಹೊಸದಾಗಿ ಪರಿಶೀಲಿಸಿ 14 ಹೊಸ ಪ್ರಭೇದಗಳನ್ನು ಒಟ್ಟಿಗೆ ಪ್ರಕಟಿಸಿತು. ಅಲ್ಲಿಗೆ ಸಂಖ್ಯೆ 24 ಆಯಿತು. ಎಲ್ಲವೂ ಪಶ್ಚಿಮ ಘಟ್ಟದವು, ಜಗತ್ತಿನ ಬೇರೆಲ್ಲೂ ಇಲ್ಲ.

ಇವನ್ನು ಕುಣಿಯುವ ಕಪ್ಪೆಗಳು ಎನ್ನುತ್ತಾರೆ. ಗಂಡು ತೊರೆಯ ನಡುವಿನ ಒದ್ದೆ ಕಲ್ಲಿನ ಮೇಲೆ ಕುಳಿತು ಮೊದಲು ವಟಗುಟ್ಟುತ್ತದೆ. ಅದರ ದನಿ ಗಿಡ್ಡ, ಸ್ವರ ಎತ್ತರದ್ದು. ತೊರೆಯ ಮೊರೆತದ ಹೆಚ್ಚಿನ ಬಲ ತಗ್ಗಿನ ಸ್ವರಗಳಲ್ಲಿ ಇರುವುದರಿಂದ ಇದಕ್ಕೆ ತೂರಿಬರಲು ಸ್ವಲ್ಪ ಸಂದಿ ಸಿಗುತ್ತದೆ. ಹಾಗೆ ಗಮನ ಸೆಳೆದ ಮೇಲೆ ಒಂದು ಹಿಂಗಾಲನ್ನು ಪಕ್ಕಕ್ಕೆ ಪೂರ್ತಿ ಚಾಚಿ, ಬೆರಳ ನಡುವಿನ ಜಾಲಪೊರೆ ಬಿಚ್ಚಿ, ಬಾವುಟದಂತೆ ಬೀಸಿ, ಮತ್ತೆ ಮಡಚಿಕೊಳ್ಳುತ್ತದೆ. ಉತ್ತರ ಕನ್ನಡದ ಕತ್ತಲೆಕಾನಿನ ಕುಣಿಯುವ ಕಪ್ಪೆಗಳ ಮೇಲೆ ವಿಯೆನ್ನಾ ಮತ್ತು ಬೆಂಗಳೂರಿನ ಸಂಶೋಧಕರು ಕೂಡಿ ನಡೆಸಿದ ಅಧ್ಯಯನ, ಗಂಡುಗಳ ನಡುವಿನ ಜಗಳದಲ್ಲೂ ಈ ಕಾಲುಬೀಸು ಬಳಕೆಯಾಗುವುದನ್ನು ದಾಖಲಿಸಿತು. ಎದುರಾಳಿ ತೀರಾ ಹತ್ತಿರ ಬಂದರೆ ಒದೆತವೇ ಬೀಳುತ್ತದೆ. ಒದೆಯುವ ಚಲನೆಯೇ ಕಾಲಕ್ರಮದಲ್ಲಿ ಒದೆಯದೆ ಹೆದರಿಸುವ ಸಂಜ್ಞೆಯಾಗಿ ಬೆಳೆದಿರಬಹುದು ಎಂಬುದು ಅವರ ಊಹೆ. ಈ ಅಧ್ಯಯನ 2013ರಲ್ಲಿ ಪ್ರಕಟವಾದದ್ದು ನಾರಾಯಣ ರಾಯರ ಅದೇ ‘ಕರೆಂಟ್ ಸೈನ್ಸ್’ನಲ್ಲಿ.

ಇದೇ ಪ್ರಶ್ನೆಗೆ ಬೇರೆ ನಾಡುಗಳ ಕಪ್ಪೆಗಳೂ ಉತ್ತರ ಹುಡುಕಿವೆ. ಬೋರ್ನಿಯೊ ದ್ವೀಪದ ತೊರೆಗಳಲ್ಲಿ ಸ್ಟೌರೊಯಿಸ್ ಎಂಬ, ಸಂಬಂಧದಲ್ಲಿ ದೂರದ ಕಪ್ಪೆಗಳು ತಾವೂ ಸ್ವತಂತ್ರವಾಗಿ ಕಾಲು ಬೀಸಲು ಕಲಿತಿವೆ. ಚೀನಾದ ಒಂದು ಹೊಳೆಗಪ್ಪೆ ಮನುಷ್ಯರ ಕಿವಿಗೆ ನಿಲುಕದ ಶ್ರವಣಾತೀತ ಸ್ವರಕ್ಕೆ ಏರಿ ಕೂಗುತ್ತದೆ, ಕೇಳಿಸಿಕೊಳ್ಳುತ್ತದೆ. 2006ರಲ್ಲಿ ಇದು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದಾಗ ಸಸ್ತನಿಗಳಲ್ಲದ ಕಶೇರುಕವೊಂದು ಹೀಗೆ ಸಂವಹಿಸುವುದು ಮೊದಲ ಬಾರಿಗೆ ತಿಳಿಯಿತು. ಘಟ್ಟದ ಹಕ್ಕಿಗಳಲ್ಲಿ ಮಲಬಾರ್ ವಿಸ್ಲಿಂಗ್ ಥ್ರಷ್ ಇದಕ್ಕೆ ತನ್ನದೇ ಉತ್ತರ ಕಂಡುಕೊಂಡಿದೆ. ಕಡುನೀಲಿ ಬಣ್ಣದ ಈ ಹಕ್ಕಿ ತೊರೆಯ ಪಕ್ಕದ ಕಲ್ಲಿನ ಬಿರುಕುಗಳಲ್ಲಿ ಗೂಡು ಕಟ್ಟುತ್ತದೆ. ಹಾಡು ಥೇಟ್ ಮನುಷ್ಯರ ಸಿಳ್ಳೆ. ಸಿಳ್ಳೆಯಲ್ಲಿ ದನಿಯ ಬಲವೆಲ್ಲ ಒಂದು ಕಿರಿದಾದ ಸ್ವರಪಟ್ಟಿಯಲ್ಲಿ ಕೂಡಿರುತ್ತದೆ, ನೀರಿನ ಸದ್ದು ಎಲ್ಲ ಸ್ವರಗಳಿಗೂ ಹಂಚಿಹೋಗಿರುತ್ತದೆ. ಅದಕ್ಕೇ ಬೆಳಗಿನ ಜಾವ ಹೊಳೆಯ ಮೊರೆತದ ನಡುವೆಯೂ ಆ ಸಿಳ್ಳೆ ಸ್ಪಷ್ಟವಾಗಿ ಕೇಳುತ್ತದೆ.

ಕುಣಿಯುವ ಕಪ್ಪೆಯ ಮರಿಗಳು ಎಲ್ಲಿರುತ್ತವೆ ಎಂಬುದು ಬಹುಕಾಲ ತಿಳಿದಿರಲಿಲ್ಲ. 2016ರಲ್ಲಿ ಅದೇ ಗುಂಪಿನ ಮೈಕ್ರಿಕ್ಸಾಲಸ್ ಹೆರೆಯಿ ಎಂಬ ಪ್ರಭೇದದ ಗೊದಮೊಟ್ಟೆಗಳು ತೊರೆಯ ತಳದ ಜಲ್ಲಿಮರಳಿನೊಳಗೆ, ಪೂರ್ತಿ ಕತ್ತಲೆಯಲ್ಲಿ ಬಿಲ ಕೊರೆಯುತ್ತ ಬದುಕುವುದು ಬೆಳಕಿಗೆ ಬಂತು. ಹಾವುಮೀನಿನಂಥ ಉದ್ದ ಮೈ, ಚರ್ಮದಡಿ ಮುಚ್ಚಿದ ಕಣ್ಣು, ಗೊದಮೊಟ್ಟೆಗಳಲ್ಲಿ ಅಪರೂಪವಾದ ಪಕ್ಕೆಲುಬು, ಹೊಟ್ಟೆಯ ತುಂಬ ಮರಳು. ಜಲ್ಲಿಯ ಸಂದಿಗಳಲ್ಲಿ ಹೊಸ ನೀರು ಹರಿಯುತ್ತಿರುವ ತನಕ ಅವುಗಳಿಗೆ ಉಸಿರಿದೆ. ಸಂದಿಗಳನ್ನು ನುಣುಪಾದ ಹೂಳು ಮುಚ್ಚಿದರೆ ಇಲ್ಲ.

ಮೆಟ್ಟಿಲು ಹತ್ತಿ ಹಿಂದಿರುಗುವಾಗ ಕಾಲು ಎಳೆಯುತ್ತದೆ, ದಾರಿಯಲ್ಲಿ ಅಲ್ಲಲ್ಲಿ ನಿಲ್ಲಬೇಕಾಗುತ್ತದೆ. ಆಗ ತಲೆಯೆತ್ತಿ ಮೇಲಿನ ಬೆಟ್ಟ ನೋಡಿದರೆ ಈ ನೀರು ಬರುವ ದಾರಿ ತಿಳಿಯುತ್ತದೆ. ಕುದುರೆಮುಖದಲ್ಲಿ ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆ ಸುರಿಯುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆದರೂ ಡಿಸೆಂಬರ್, ಜನವರಿಯಲ್ಲಿ ಅಬ್ಬಿ ಹರಿಯುತ್ತಿರುತ್ತದೆ. ಗುಡ್ಡದ ನೆತ್ತಿಯಲ್ಲಿ ಹುಲ್ಲು, ಕಣಿವೆಯ ಮಡಿಲಲ್ಲಿ ಗಿಡ್ಡ ಮರಗಳ ದಟ್ಟ ಶೋಲಾ ಕಾಡು: ಈ ಜೋಡಿಯ ಕೆಳಗಿನ ಎಲೆಗೊಬ್ಬರದ ಸಡಿಲ ಮಣ್ಣು ಮಳೆಯನ್ನು ಒಳಕ್ಕೆ ಇಳಿಯಬಿಟ್ಟು, ತಿಂಗಳುಗಟ್ಟಲೆ ಒಸರಿನ ರೂಪದಲ್ಲಿ ಬಿಡುತ್ತದೆ. ಮರ ಕಡಿದು, ದನ ತುಳಿದು ಗಟ್ಟಿಯಾದ ನೆಲದಲ್ಲಿ ನೀರು ಇಂಗುವುದು ಬಹಳ ಕಡಿಮೆ ಎಂದು ಕರ್ನಾಟಕದ ಘಟ್ಟಗಳಲ್ಲೇ ನಡೆದ ಅಳತೆಗಳು ತೋರಿಸಿವೆ. ಅಲ್ಲಿ ಮಳೆಗೆ ಕೆಂಪು ನೆರೆ, ಬೇಸಿಗೆಗೆ ಒಣಗಲ್ಲು. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವ ಗಂಗಾಮೂಲ ಇದೇ ಉದ್ಯಾನದಲ್ಲಿದೆ.

ಉದ್ಯಾನ ಉಳಿದದ್ದು ತಾನಾಗಿ ಅಲ್ಲ. 1976ರಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಸ್ಥಾಪನೆಯಾಯಿತು. ಗುಡ್ಡ ಕಡಿದು, ಅದಿರನ್ನು ಪುಡಿ ಮಾಡಿ, ನೀರಿನಲ್ಲಿ ಕಲಸಿ 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಮಂಗಳೂರಿಗೆ ಹರಿಸಲಾಯಿತು. 1980ರ ದಶಕದ ಆರಂಭದಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಈ ಕಾಡುಗಳಲ್ಲಿ ಸಿಂಗಳೀಕಗಳ ಸಮೀಕ್ಷೆ ನಡೆಸಿದ್ದು ರಾಷ್ಟ್ರೀಯ ಉದ್ಯಾನಕ್ಕೆ ಬುನಾದಿಯಾಯಿತು. 1987ರಲ್ಲಿ ಅಧಿಸೂಚನೆ ಬಂತು. ಗಣಿ ಮಾತ್ರ ಮುಂದುವರಿಯಿತು. ಮಳೆಯಲ್ಲಿ ಗಣಿಯಿಂದ ಭದ್ರೆಗೆ ಇಳಿಯುವ ಹೂಳು ದೊಡ್ಡ ವಿವಾದವಾಯಿತು. ನಾಗರಹೊಳೆಯಲ್ಲಿ ಅರಣ್ಯಾಧಿಕಾರಿಯಾಗಿದ್ದ ಕೆ. ಎಂ. ಚಿಣ್ಣಪ್ಪನವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2002ರ ಅಕ್ಟೋಬರ್ 30ರಂದು ಗಣಿ ನಿಲ್ಲಿಸುವಂತೆ ತೀರ್ಪು ಕೊಟ್ಟಿತು. 2005ರ ಕೊನೆಗೆ ಗಣಿಗಾರಿಕೆ ನಿಂತಿತು. 2012ರಲ್ಲಿ ಯುನೆಸ್ಕೊ ಪಶ್ಚಿಮ ಘಟ್ಟದ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಅವುಗಳಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನವೂ ಇತ್ತು.

ಜಲಪಾತಕ್ಕೆ ಬರುವವರು ಮಾಡುವ ಹಾನಿ ಗಣಿಯದಕ್ಕಿಂತ ಎಷ್ಟೋ ಚಿಕ್ಕದು, ಆದರೆ ಅದನ್ನು ತಡೆಯುವುದು ಅವರ ಕೈಯಲ್ಲೇ ಇದೆ. ಸೋಪು, ಶಾಂಪೂ ಹಚ್ಚಿ ಮೀಯುವುದು ಬೇಡ: ಕಪ್ಪೆಗಳು ಚರ್ಮದ ಮೂಲಕವೂ ಉಸಿರಾಡುತ್ತವೆ. ಕಲ್ಲುಗಳನ್ನು ಎತ್ತಿ ಗೋಪುರ ಪೇರಿಸುವುದೂ ಬೇಡ. ಒಂದೊಂದು ಕಲ್ಲಿನ ಅಡಿಯೂ ಮೊಟ್ಟೆಗೋ ಮರಿಗೋ ಮರೆಯಾಗಿರಬಹುದು. ಮಳೆಗಾಲದಲ್ಲಿ ಬಂಡೆ ವಿಪರೀತ ಜಾರುತ್ತದೆ, ಮೇಲೆಲ್ಲೋ ಸುರಿದ ಮಳೆಗೆ ಹೊಳೆ ಹಠಾತ್ತನೆ ಏರುತ್ತದೆ, ಇಂಬಳದ ಕಾಟವಂತೂ ಇದ್ದೇ ಇದೆ. ಮಳೆ ಹಿಂದೆಗೆದ ಅಕ್ಟೋಬರ್‌ನಿಂದ ಜನವರಿಯವರೆಗಿನ ದಿನಗಳು ಒಳ್ಳೆಯವು. ಧಾರೆಗೆ ಬೆನ್ನು ಕೊಟ್ಟು ಫೋಟೊ ತೆಗೆಸಿಕೊಂಡಾದ ಮೇಲೆ, ಸ್ವಲ್ಪ ದೂರ ಸರಿದು, ತೊರೆಯ ಅಂಚಿನ ನೆರಳಿನ ಒದ್ದೆ ಕಲ್ಲುಗಳನ್ನು ಸಾವಧಾನವಾಗಿ ಹುಡುಕಬೇಕು.

ರಸ್ತೆ ಮುಂದುವರಿದರೆ ಕುದುರೆಮುಖ ಪಟ್ಟಣಕ್ಕೆ ಮೊದಲು ಲಕ್ಯಾ ಅಣೆಕಟ್ಟು ಸಿಗುತ್ತದೆ. ಭದ್ರೆಯ ಉಪನದಿ ಲಕ್ಯಾ ಹೊಳೆಗೆ ಅಡ್ಡಲಾಗಿ ಸುಮಾರು 100 ಮೀಟರ್ ಎತ್ತರಕ್ಕೆ ಕಟ್ಟಿದ ಇದು ನೀರಾವರಿಗೂ ವಿದ್ಯುತ್ತಿಗೂ ಕಟ್ಟಿದ್ದಲ್ಲ. ಅದಿರು ತೆಗೆದು ಉಳಿದ ನುಣ್ಣನೆಯ ಪುಡಿಯನ್ನು ತಡೆದು ನಿಲ್ಲಿಸಲು ಕಟ್ಟಿದ್ದು. ಕಾಲು ಶತಮಾನದ ಗಣಿಗಾರಿಕೆಯ ಆ ಪುಡಿ ಈಗಲೂ ಗೋಡೆಯ ಹಿಂದೆ ಕೂತಿದೆ. ಪ್ರತಿ ಮಳೆಗಾಲದಲ್ಲೂ ಅದನ್ನು ಅಲ್ಲೇ ಹಿಡಿದಿಟ್ಟರೆ ಭದ್ರೆಯ ತಳದ ಜಲ್ಲಿಯಲ್ಲಿ ಸಂದಿ ಉಳಿಯುತ್ತದೆ.